ಅಡ್ಡ ಬಿದ್ದವನು

“ಎದುರಿಗೇ ಬಸ್ಸು ಬಂದಬಿಡ್ತು ನೋಡ್ರಿ ಅಕ್ಕಾರ. ಆ ಮನುಷ್ಯ ಸ್ಟೇರಿಂಗ್ ಬಿಟ್ಟವನ, ಪಕ್ಕದಾಗ ಕುಂತಿದ್ದ ಹೆಂಡ್ತಿ ಮ್ಯಾಲೆ ಅಡ್ಡ ಬಿದ್ದ!”

ಫಿಜಿಯೋಥೆರಪಿ ಡಾಕ್ಟರು ಕ್ರಾಂತಿಕುಮಾರ್ ಅಮೃತಾಳ ಕಾಲು ಮಡಿಸಿ ಬಿಡಿಸುತ್ತ ಹೀಗೆಂದದ್ದೇ ತಡ, ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ಅರುಣಕುಮಾರ ಒಳಗಿಡಲಿದ್ದ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ.

ಈ ಕ್ರಾಂತಿಕುಮಾರನಿಗೆ ಗಾಲ್ಫ್ ಹುಚ್ಚು. ಕೂಡ್ಲಿಗಿ ಸೀಮೆಯಲ್ಲಿ ಆ ಆಟವನ್ನು ಕಣ್ಣಾರೆ ಕಂಡವರು ಯಾರಿದ್ದಾರೆ? ಆದರೂ ಕಾನಹೊಸಹಳ್ಳಿಯಿಂದ ಬೈಕಿನಲ್ಲಿ ಬಂದಿಳಿಯುವ ಈ ಪುಣ್ಯಾತ್ಮ, ಸೊಂಟ ಹಿಡಿದವರಿಗೊಬ್ಬ, ಮಂಡಿ ಸವೆದವರಿಗೊಬ್ಬ ಎಂದು ಜಗತ್ತಿನ ದೊಡ್ಡ ದೊಡ್ಡ ಗಾಲ್ಫ್ ಆಟಗಾರರ ಕಥೆಯನ್ನು ಗುಳಿಗೆಯ ಹಾಗೆ ಹಂಚುತ್ತಿದ್ದ. ಅಮೃತಾ ಪಾದದಡಿ ಉರುಳಿಸಲು ಅವನು ಕೊಟ್ಟದ್ದೂ ಗಾಲ್ಫ್ ಚೆಂಡೇ. ಸಿಡುಬು ಎದ್ದು ಹೋದ ಮುಖದ ಹಾಗೆ ಅದರ ಮೈತುಂಬ ಗುಳಿ. ಎರಡೂ ಕಾಲು ಮುರಿದು ನಾಲ್ಕು ತಿಂಗಳಿಂದ ಹಾಸಿಗೆ ಹಿಡಿದವಳನ್ನು ಇವತ್ತು ಎಬ್ಬಿಸಿ ನಿಲ್ಲಿಸಬೇಕಿತ್ತು. ಅವಳು ಒಲ್ಲೆ ಎಂದು ಹಟ ಹಿಡಿದಾಗ ಕ್ರಾಂತಿಕುಮಾರನ ಬಾಯಿಂದ ಈ ಬೆನ್ ಹೋಗನ್ ಎಂಬ ಅಮೆರಿಕದ ಆಟಗಾರ ಹೊರಬಿದ್ದಿದ್ದ.

“ಗಾಲ್ಫಿನಾಗ ಅವನಂಗ ಚೆಂಡು ಹೊಡಿಯಾವ ಇನ್ನೊಬ್ಬ ಹುಟ್ಟಿಲ್ಲ ಅಂತಾರ ಬಾಳ ಮಂದಿ. ಆ ಬಸ್ಸು ಬಡದು ಅವನ ಸೊಂಟದ ಎಲುಬು ಮುರೀತು. ಇವ ಇನ್ನ ನಡಿಯೋದು ಅನುಮಾನ ಅಂದ್ರು ಡಾಕ್ಟ್ರು. ಒಂದೂವರಿ ವರ್ಷದೊಳಗ ಎದ್ದು ಬಂದು ಅಮೆರಿಕದ ದೊಡ್ಡ ಪಂದ್ಯಾನ ಗೆದ್ದ! ನೀವು ಬರೇ ನಿಂತ್ಕಳಾಕ ಅಂಜತೀರಲ್ರಿ?”

ಅಮೃತಾ ಪಂದ್ಯದ ಮಾತೇ ಎತ್ತಲಿಲ್ಲ. “ಹೆಂಡ್ತಿಗೆ ಏನಾತ್ರಿ?” ಎಂದಳು.

“ಆಕಿಗೇನಿಲ್ರಿ, ಸಣ್ಣಪುಟ್ಟ ಗಾಯ. ಇನ್ನೊಂದು ಮಜಾ ಕೇಳ್ರಿ. ಸ್ಟೇರಿಂಗಿನ ರಾಡು ಅವ ಕುಂತಿದ್ದ ಸೀಟನ್ನ ತೂರಿಕೊಂಡು ಹೋಗಿತ್ತಂತ. ಕುಂತಲ್ಲೇ ಕುಂತಿದ್ರ ಸತ್ತ ಹೋಗ್ತಿದ್ದ. ಹೆಂಡ್ತೀನ ಉಳಸಾಕ ಹೋಗಿ ತಾನೂ ಉಳಕಂಡ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅರುಣಕುಮಾರ ತನ್ನ ಕೈಗಳನ್ನು ನೋಡಿಕೊಂಡ. ಅವತ್ತು ಅಮೃತಾಳನ್ನು ಎಡಪಕ್ಕಕ್ಕೆ ಕೂರಿಸಿಕೊಂಡು ಕೊಟ್ಟೂರಿನಿಂದ ಕಾರು ಓಡಿಸಿಕೊಂಡು ಬರುವಾಗ, ಕೆಟ್ಟು ನಿಂತಿದ್ದ ಲಾರಿಯೊಂದು ಮುಸ್ಸಂಜೆಯಲ್ಲಿ ಕಂಡದ್ದೇ ಮೂಗಿನ ಹತ್ತಿರಕ್ಕೆ ಬಂದ ಮೇಲೆ. ಎಡಕ್ಕೆ ತಿರುಗಿಸಿದ್ದರೆ ಶೇಂಗಾ ಹೊಲ. ಆದರೆ ಲಾರಿಯ ಮೂಲೆ ಅವನಿಗೇ ಬಡಿಯುತ್ತಿತ್ತು. ಅವನ ಕೈಗಳು ಬಲಕ್ಕೆ ತಿರುಗಿಸಿದವು. ಲಾರಿಯ ಹಿಂಬದಿ ಅಮೃತಾಳ ಬಾಗಿಲನ್ನು ಸೀಳಿಕೊಂಡು ಒಳಗೆ ಬಂತು. ಅವನ ಕೂದಲೂ ಕೊಂಕಲಿಲ್ಲ. ಟೈರು ಒಡೆಯಿತು, ಸ್ಟೇರಿಂಗ್ ತಾನೇ ಎಳೆದುಕೊಂಡು ಹೋಯಿತು ಎಂದು ಪೊಲೀಸರಿಗೂ ಅವ್ವನಿಗೂ ತನ್ನ ಗೊಬ್ಬರದಂಗಡಿಗೆ ಬಂದ ಗಿರಾಕಿಗಳಿಗೂ ಹೇಳಿ ಹೇಳಿ, ಈಗೀಗ ಅವನಿಗೇ ಅದು ನಿಜವೆನಿಸತೊಡಗಿತ್ತು. ಅಮೃತಾ ತನಗೇನೂ ನೆನಪಿಲ್ಲ ಎಂದಿದ್ದಳು. ಅದೊಂದು ಮಾತನ್ನು ನಂಬಿ ಅವನು ರಾತ್ರಿ ನಿದ್ದೆ ಮಾಡುತ್ತಿದ್ದ.

“ಅಷ್ಟೊತ್ತಿನಾಗ ಅದೆಲ್ಲಾ ಯಾರಿಗೆ ಹೊಳೀತೈತ್ರಿ? ಕಥಿ ಕಟ್ಟಿರ್ತಾರ ತಗೋರಿ,” ಎಂದ, ನಗಲು ನೋಡುತ್ತ.

“ಹೊಳಿಯೋ ಮಾತ ಅಲ್ರಿ ಅಣ್ಣಾರ. ಯೋಚನಿ ಮಾಡಾಕ ಟೈಮ್ ಎಲ್ಲಿರ್ತೈತಿ? ಆ ಗಳಿಗ್ಯಾಗ ಒಳಗ ಏನೈತೋ ಅದನ್ನ ಕೈ ಮಾಡಿಬಿಡ್ತೈತಿ, ಅಷ್ಟ.”

ಪಾಪ, ಆ ಹುಡುಗನಿಗೇನು ಗೊತ್ತು! ಅಯ್ಯೋ ಶಿವನೇ, ಇವಳಿಗೆ ನೆನಪಾಗದಿರಲಿ ಎಂದುಕೊಳ್ಳುತ್ತ ಅರುಣಕುಮಾರ ಹೆಂಡತಿಯ ಮುಖ ನೋಡಿದ. ಅವಳು ಮಂಚದ ಅಂಚಿಗೆ ಕೂತು, ತಲೆ ತಗ್ಗಿಸಿ ಚೆಂಡನ್ನು ಪಾದದಡಿ ಹಿಂದಕ್ಕೆ ಮುಂದಕ್ಕೆ ಉರುಳಿಸುತ್ತಿದ್ದಳು.

“ನಿಲ್ತೀನಿ,” ಎಂದಳು ಇದ್ದಕ್ಕಿದ್ದಂತೆ.

ಕ್ರಾಂತಿಕುಮಾರ್ ಹಿಗ್ಗಿ ವಾಕರ್ ಎಳೆದುತಂದ. ಅವಳು ಹಲ್ಲು ಕಚ್ಚಿ ಎದ್ದೇ ಎದ್ದಳು. ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಹೆಜ್ಜೆ ಹೋಗಿ ಬಿದ್ದದ್ದು ನೆಲದ ಮೇಲೆ ಮರೆತುಬಿಟ್ಟಿದ್ದ ಆ ಚೆಂಡಿನ ಮೇಲೆ! ಚೆಂಡು ಸರಕ್ಕನೆ ಜಾರಿತು, ವಾಕರ್ ಒಂದು ಕಡೆ, ಅವಳು ಒಂದು ಕಡೆ. ಕ್ರಾಂತಿಕುಮಾರ್ “ಅಯ್ಯಯ್ಯೋ” ಎನ್ನುವುದರೊಳಗೆ ಅರುಣಕುಮಾರ ತಟ್ಟೆ ಎಸೆದು ನುಗ್ಗಿದ. ಬಿಸಿ ಚಹಾ ಪಾದದ ಮೇಲೆ ಚೆಲ್ಲಿದ್ದೂ ಅವನಿಗೆ ತಿಳಿಯಲಿಲ್ಲ. ನೆಲ ಮುಟ್ಟುವ ಮುಂಚೆಯೇ ಅವಳನ್ನು ಎರಡೂ ತೋಳಿನಲ್ಲಿ ಹಿಡಿದುಬಿಟ್ಟಿದ್ದ.

“ಶಭಾಶ್ ಅಣ್ಣಾರ! ನೋಡ್ರಿ ಅಕ್ಕಾರ, ನಮ್ಮ ಕೂಡ್ಲಿಗ್ಯಾಗೂ ಒಬ್ಬ ಬೆನ್ ಹೋಗನ್ ಅದಾನ!” ಕ್ರಾಂತಿಕುಮಾರ್ ಚಪ್ಪಾಳೆ ತಟ್ಟಿ ನಕ್ಕ.

ಅರುಣಕುಮಾರನ ಕಣ್ಣು ತುಂಬಿ ಬಂತು. ಯೋಚಿಸದೆಯೇ ಓಡಿದ್ದ, ಹೌದಲ್ಲ! ಅಂದರೆ ತನ್ನೊಳಗೂ ಅದು ಇದೆಯಲ್ಲ! ನಾಲ್ಕು ತಿಂಗಳ ಭಾರ ಇಳಿದಂತಾಗಿ ಅವನೂ ನಕ್ಕುಬಿಟ್ಟ. ಅಮೃತಾಳ ಇಡೀ ಮೈಭಾರ ಅವನ ಕೈ ಮೇಲಿತ್ತು, ಬಿಟ್ಟರೆ ಬೀಳುತ್ತಾಳೆ. ಅವಳು ಅವನ ಹೆಗಲಿಗೆ ಗದ್ದ ಊರಿ, ಡಾಕ್ಟರಿಗೆ ಕೇಳಿಸದ ಹಾಗೆ ಮೆಲ್ಲಗೆ ಅಂದಳು:

“ಅವತ್ತೂ ನಿಮ್ಮ ಕೈ ಇಷ್ಟ ಚುರುಕ ಇದ್ವುರಿ. ನಾ ನೋಡೀನಿ.”