ಮಟ್ಟಸವಾದ ಗೆರೆ

"ಲಿಫ್ಟ್ ಯಾರ್ರೀ ಒತ್ತಿದ್ದು?"

ನೆಲಮಾಳಿಗೆಯ ಪ್ರಯೋಗಾಲಯದಿಂದ ಪೊರಕೆ ಮೇಡಂ ಕೂಗಿದ್ದು ಮೂರನೇ ಮಹಡಿಗೂ ಕೇಳಿಸಿತು. ಯಾರೂ ಒತ್ತಿರಲಿಲ್ಲ. ಆದರೂ ಪರದೆಯ ಮೇಲಿನ ಗೆರೆಯಲ್ಲಿ ಆ ಹಾಳು ಉಬ್ಬು ಹಾಗೇ ಇತ್ತು. ಹನ್ನೊಂದು ತಿಂಗಳಿಂದ ಇದೇ ಗೋಳು.

ಪ್ರಯೋಗ ಹೇಳುವುದಕ್ಕೆ ಸುಲಭ. ಕೂದಲಿಗಿಂತ ತೆಳ್ಳಗಿನ ಸಿಲಿಕಾನ್ ಪಟ್ಟಿಯನ್ನು ಇನ್ನಿಲ್ಲದಷ್ಟು ತಣ್ಣಗೆ ಮಾಡಿ, ಗಾಳಿಯಿಲ್ಲದ ಡಬ್ಬಿಯಲ್ಲಿಟ್ಟು ಕಾಯುವುದು. ಕ್ವಾಂಟಂ ಕಣ ಒಂದೇ ಹೊತ್ತಿಗೆ ಎರಡು ಕಡೆ ಇರಬಲ್ಲದು. ಮೇಜು ಕುರ್ಚಿ ಹಾಗಿರುವುದಿಲ್ಲ. ಯಾಕೆ? ಯಾರೂ ನೋಡದಿದ್ದರೂ ವಸ್ತು ತಾನಾಗಿಯೇ ಒಂದು ಸ್ಥಿತಿಗೆ ಕುಸಿಯುತ್ತದೆ ಅನ್ನುತ್ತದೆ ಒಂದು ಸಿದ್ಧಾಂತ. ಅದು ನಿಜವಾದರೆ ಪಟ್ಟಿ ಹೊರಗಿನ ಕಾರಣವಿಲ್ಲದೆಯೇ ಒಂಚೂರು ನಡುಗಬೇಕು, ಪರದೆಯ ಗೆರೆಯಲ್ಲಿ ಆ ನಡುಕ ಉಬ್ಬಾಗಿ ಕಾಣಬೇಕು. ಲಿಫ್ಟು, ಪಂಪುಗಳ ನಡುಕವನ್ನೆಲ್ಲ ಕಳೆದ ಮೇಲೆ ಉಳಿದದ್ದೇ ಅದು.

ಸಿದ್ಧಾಂತದ ಈ ರೂಪ ಪೊರಕೆ ಮೇಡಂನ ಮಾವನದು. ಗಂಡನ ಅಪ್ಪ. ಮೂವತ್ತು ವರ್ಷ ಇದಕ್ಕೇ ಜೀವ ತೇಯ್ದವರು.

ಅಲ್ಲೇ ಎಡವಟ್ಟಾಗಿದ್ದು. "ಸೊಸೆ ಬಿಡ್ತಾಳಾ? ಮಾವನ್ನ ಗೆಲ್ಲಿಸೇ ಗೆಲ್ಲಿಸ್ತಾಳೆ" ಎಂದು ಕ್ಯಾಂಟೀನಿನಲ್ಲಿ ಯಾರೋ ನಕ್ಕಿದ್ದು ಅವಳ ಕಿವಿಗೆ ಬಿತ್ತು. ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ನಡುಕ ಕಂಡಲ್ಲೆಲ್ಲ ಗುಡಿಸತೊಡಗಿದಳು. ಪೊರಕೆ ಎಂಬ ಹೆಸರು ಬಂದದ್ದೇ ಹಾಗೆ. ಎಲ್ಲರ ಬೂಟು ಬಿಚ್ಚಿಸಿದಳು. ಪಂಪಿಗೆ, ಲಿಫ್ಟಿಗೆ, ರಸ್ತೆ ಕಡೆಯ ಗೋಡೆಗೆ ಸೆನ್ಸರ್ ಅಂಟಿಸಿ, ಅವುಗಳ ಅಲುಗಾಟವನ್ನು ಗೆರೆಯಿಂದ ಕಳೆದಳು. ಉಬ್ಬು ತಗ್ಗಿತೇ ಹೊರತು ಹೋಗಲಿಲ್ಲ. ತಗೋ, ಇನ್ನಷ್ಟು ಸೆನ್ಸರ್! ಉಬ್ಬನ್ನು ಒಂಚೂರು ಹೋಲುವ ಅಲುಗಾಟ ಎಲ್ಲಿ ಸಿಕ್ಕರೂ ಅದನ್ನೂ ಕಳೆದಳು.

"ಅದೊಂದನ್ನ ಹಾಗೇ ಬಿಟ್ರೆ ಏನಾಗುತ್ತೆ ಮೇಡಂ?" ಎಂದ, ತಣ್ಣಗಾಗಿಸುವ ಯಂತ್ರ ನೋಡಿಕೊಳ್ಳುವ ಮೆಕ್ಯಾನಿಕ್.

"ನೀವೂ ಮಾವನ ಪಾರ್ಟೀನಾ? ನಿಮ್ಮ ಪಂಪ್ ನೀವು ನೋಡ್ಕೊಳ್ಳಿ, ಸಾಕು."

ಅವನು ಬೀರುವಿನ ಕಡೆ ಒಮ್ಮೆ ನೋಡಿ ಪಂಪಿನತ್ತ ಹೋದ.

ಮೂವತ್ತೆಂಟನೇ ಸೆನ್ಸರ್ ಸೇರಿಸಿದ ದಿನ ಗೆರೆ ಮಟ್ಟಸವಾಯಿತು. ಗೆದ್ದೆನೆಂದು ಅನ್ನಿಸಲಿಲ್ಲ. ಅಳು ಬಂತು.

ಸಂಜೆ ಊಟದ ಮೇಜಿನಲ್ಲಿ ಹೇಳಿದಳು. "ಮಾವ, ಏನೂ ಇಲ್ಲ. ಒಂದಿಷ್ಟೂ ನಡುಗ್ತಿಲ್ಲ."

"ಸರಿಯಾಗಿ ನೋಡಿದ್ಯೇನಮ್ಮ?"

"ನೋಡೀ ನೋಡೀ ಕಣ್ಣು ಸೋತುಹೋಗಿದೆ."

"ನೀನು ನೋಡಿದ್ಮೇಲೆ ಮುಗೀತು ಬಿಡು." ಅರ್ಧ ಊಟಕ್ಕೇ ಎದ್ದುಹೋದರು. ಮರುದಿನ ಬೆಳಿಗ್ಗೆ ಮೂವತ್ತು ವರ್ಷದ ನೋಟ್‌ಬುಕ್ಕುಗಳನ್ನೆಲ್ಲ ತಾವೇ ಹೊತ್ತು ರದ್ದಿಯವನ ಗಾಡಿಗೆ ಹಾಕಿದರು. ಗಾಡಿ ಹೊರಟುಹೋಯಿತು. ಅವಳು ತಡೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ತಡೆಯುವುದು?

ಫಲಿತಾಂಶ ಪ್ರಕಟಿಸುವ ಮುಂಚೆ ಒಂದು ಶಾಸ್ತ್ರ ಬಾಕಿಯಿತ್ತು. ಇಂಥ ಪ್ರಯೋಗಗಳಲ್ಲಿ ಯಂತ್ರ ನೋಡಿಕೊಳ್ಳುವವನು, ಬೇಕೆನಿಸಿದರೆ, ಗುಟ್ಟಾಗಿ ಪಟ್ಟಿಗೆ ಒಂದು ನಕಲಿ ನಡುಕ ಸೇರಿಸಬಹುದು; ಗೆರೆಯಲ್ಲಿ ಅದು ಅಸಲಿಯಂತೆಯೇ ಕಾಣುತ್ತದೆ. ಸೇರಿಸಿದನೋ ಇಲ್ಲವೋ ಎಂದು ಮೊದಲ ದಿನವೇ ಬರೆದು ಲಕೋಟೆ ಅಂಟಿಸಿಡಬೇಕು. ಕೊನೆಯವರೆಗೂ ಬಾಯಿ ಬಿಡುವಂತಿಲ್ಲ. ಸಿಕ್ಕಿತು, ಸಿಕ್ಕಿತು ಎಂದು ಕುಣಿಯುವವರಿಗೆ ಅದೊಂದು ಕಡಿವಾಣ. ಇಲ್ಲಿ ಸಿಕ್ಕಿದ್ದಾದರೂ ಏನು, ಮಣ್ಣು! ಆದರೂ ನಿಯಮ ನಿಯಮವೇ.

ಮೆಕ್ಯಾನಿಕ್ ಬೀರು ತೆರೆದು ಲಕೋಟೆ ಕೊಟ್ಟ. ಅವಳ ಮುಖ ನೋಡಲಿಲ್ಲ. ಪಾಪ, ಮಾವನಿಗಾಗಿ ಇವನಿಗೂ ಸಂಕಟ ಅಂದುಕೊಳ್ಳುತ್ತಾ ಅವಳು ಲಕೋಟೆ ಹರಿದಳು.

"ಸಿದ್ಧಾಂತ ಹೇಳುವುದರ ಎರಡರಷ್ಟು ದೊಡ್ಡ ನಕಲಿ ನಡುಕವನ್ನು ಇವತ್ತೇ ಶುರುಮಾಡಿದ್ದೇನೆ, ಕೊನೆಯವರೆಗೂ ನಿಲ್ಲಿಸುವುದಿಲ್ಲ, ಮೇಡಂ ಕಣ್ಣಿಗೆ ಬೀಳದೇ ಹೋಗುವ ಮಾತೇ ಇಲ್ಲ."