ನೂರಕ್ಕೆ ನೂರು ಹಸಿರು

ಪಾಠ ಮುಗಿಯುತ್ತಲೇ ಮಕ್ಕಳು ಕಾರ್ಡು ಎತ್ತಿದರು. ಅರ್ಧಕ್ಕಿಂತ ಹೆಚ್ಚು ತರಗತಿ ಕೆಂಪಾಯಿತು. ಹಿಂದಿನ ಬೆಂಚಿನಲ್ಲಿ ಕಾಲು ಚಾಚಲಾಗದೆ ಇಕ್ಕಟ್ಟಿನಲ್ಲಿ ಕೂತಿದ್ದ ಮೇಸ್ಟ್ರ ಮೇಸ್ಟ್ರು, ಯಾರೋ ತಮ್ಮ ಮುಖಕ್ಕೇ ಬಣ್ಣ ಎರಚಿದರೇನೋ ಎಂಬಂತೆ ಎದ್ದು ನಿಂತರು.

ಆ ಪ್ರೌಢಶಾಲೆಯಲ್ಲಿ ಗಣಿತ ಹೇಳುವವರಿಗೆ, ಗಣಿತ ಹೇಗೆ ಹೇಳಬೇಕೆಂದು ಹೇಳುವುದು ಅವರ ಕೆಲಸ. ಅದಕ್ಕೇ ಆ ಹೆಸರು ಬಿದ್ದದ್ದು. ತಾವು ಸ್ವತಃ ಪಾಠ ಮಾಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅಷ್ಟು ದೊಡ್ಡ ಜವಾಬ್ದಾರಿಯ ನಡುವೆ ಅದಕ್ಕೆಲ್ಲ ಪುರುಸೊತ್ತು ಎಲ್ಲಿಂದ ಬರಬೇಕು? ಕಾರ್ಡು ಅವರೇ ತಂದ ಪದ್ಧತಿ. ಪಾಠದ ಕೊನೆಗೆ ತಿಳಿದವರು ಹಸಿರು ಎತ್ತಬೇಕು, ತಿಳಿಯದವರು ಕೆಂಪು. ಉಳಿದ ತರಗತಿಗಳಲ್ಲೆಲ್ಲ ಹಸಿರೋ ಹಸಿರು, ದನ ಬಿಟ್ಟರೆ ಮೇಯಬೇಕು, ಹಾಗೆ. ಅಲ್ಲಿಯ ಮಕ್ಕಳು ಚುರುಕು. ಕೆಂಪು ತೋರಿಸಿದರೆ ಗಂಟೆ ಹೊಡೆದ ಮೇಲೂ ಅದೇ ಪಾಠ ಮೊದಲಿನಿಂದ ಶುರುವಾಗುತ್ತದೆ ಎಂಬುದನ್ನು ಬಲುಬೇಗ ಕಲಿತಿದ್ದರು. ಆ ಶಾಲೆಯಲ್ಲಿ ಮಕ್ಕಳು ಏನೂ ಕಲಿಯುವುದಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ಈ ತರಗತಿಯ ಹೊಸ ಟೀಚರಿಗೆ ಈ ಸೂಕ್ಷ್ಮ ತಿಳಿಯದು. ಗಂಟೆ ಹೊಡೆದರೆ ಎಲ್ಲರನ್ನೂ ಆಟಕ್ಕೆ ಬಿಟ್ಟುಬಿಡುತ್ತಿದ್ದಳು. ಮಾರನೆಯ ದಿನ ಕೆಂಪಿನವರ ಪಕ್ಕದಲ್ಲಿ ಕೂತು, ಅದನ್ನೇ ಬೇರೆ ದಾರಿಯಲ್ಲಿ ಹೇಳುತ್ತಿದ್ದಳು. ಹಾಗಾಗಿ ಅವಳ ಮಕ್ಕಳಿಗೆ ಕೆಂಪಿನ ಭಯವೇ ಇರಲಿಲ್ಲ. ಮೊದಲ ಬೆಂಚಿನಲ್ಲೊಬ್ಬಳು ಹುಡುಗಿ. ಯಾವುದಕ್ಕೂ ‘ಯಾಕೆ’ ಎನ್ನುತ್ತಾಳೆಂದು ಎಲ್ಲರೂ ಅವಳನ್ನು ಯಾಕಮ್ಮ ಎಂದೇ ಕರೆಯುತ್ತಿದ್ದರು. ಅವಳ ಕೆಂಪು ಕಾರ್ಡಿನ ಮೂಲೆಗಳೆಲ್ಲ ಸವೆದು ಮೆತ್ತಗಾಗಿದ್ದವು. ಹಸಿರಿನದು ಕೊಟ್ಟ ದಿನದ ಹಾಗೇ ಗರಿಗರಿಯಾಗಿತ್ತು.

ಮೇಸ್ಟ್ರ ಮೇಸ್ಟ್ರು ಟೀಚರನ್ನು ವರಾಂಡಕ್ಕೆ ಕರೆದರು.

“ಏನಮ್ಮಾ ಇದು? ತರಗತಿಯೋ, ಮೆಣಸಿನಕಾಯಿ ಒಣಗಹಾಕೋ ಅಂಗಳವೋ?”

“ಪರ್ಸೆಂಟು ಇನ್ನೂ ಕೂತಿಲ್ಲ ಸರ್ ಅವರಿಗೆ. ಇಪ್ಪತ್ತು ಪರ್ಸೆಂಟ್ ಏರಿಸಿ, ಮತ್ತೆ ಇಪ್ಪತ್ತು ಪರ್ಸೆಂಟ್ ಇಳಿಸಿದ್ರೆ ಮೊದಲಿನಷ್ಟೇ ಆಗುತ್ತೆ ಅಂತಾರೆ. ಆದ್ರೆ ತಿಳಿದಿಲ್ಲ ಅಂತ ನಿಜ ಹೇಳ್ತಾರಲ್ಲ, ಅದು ಒಳ್ಳೇದಲ್ವಾ ಸರ್?”

“ನಿಜ ಕೇಳೋದಕ್ಕೆ ನಾನು ಕಾರ್ಡು ಮಾಡಿಸಿಲ್ಲ, ತಾಯಿ. ನಾಳೆ ಮತ್ತೆ ಬರ್ತೀನಿ. ಹಸಿರು ಕಂಡ್ರೆ ನಿಮ್ಮ ಕೆಲಸ ಖಾಯಂ ಮಾಡಿ ಅಂತ ನಾನೇ ಹೇಳ್ತೀನಿ. ಕೆಂಪು ಕಂಡ್ರೆ, ಬೇರೆ ಶಾಲೆ ನೋಡ್ಕೊಳ್ಳಿ. ಅರ್ಥ ಆಯ್ತಾ?”

ಟೀಚರು ತಲೆಯಾಡಿಸಿದಳು. ಮನೆಯಲ್ಲಿ ಅತ್ತೆ, ಸೊಸೆಯ ಕೆಲಸ ಖಾಯಂ ಆಯಿತೆಂದು ಬೀದಿಗೆಲ್ಲ ಸಾರಿ ಬಂದಾಗಿತ್ತು. ಇನ್ನು ಆಗುವುದೊಂದೇ ಬಾಕಿ. ವರಾಂಡದ ಕಿಟಕಿ ತೆರೆದೇ ಇತ್ತು. ಒಳಗೆ ಇಡೀ ತರಗತಿ ಕಿವಿಗೊಟ್ಟು ಕೂತಿತ್ತು.

ಮಾರನೆಯ ದಿನ ಟೀಚರು ಬೋರ್ಡಿನ ಮೇಲೆ ಒಂದು ಕೋಲು ಬರೆದಳು. ಅದನ್ನು ಇಪ್ಪತ್ತು ಪರ್ಸೆಂಟ್ ಉದ್ದ ಮಾಡಿದಳು. “ಈಗ ಈ ಉದ್ದದ ಕೋಲಲ್ಲಿ ಇಪ್ಪತ್ತು ಪರ್ಸೆಂಟ್ ಕತ್ತರಿಸ್ಬೇಕು. ಎಷ್ಟು ಕತ್ತರಿಸೋಣ?” ಎಂದು ಕೇಳಿ ಸೀಮೆಸುಣ್ಣ ಎತ್ತುವಷ್ಟರಲ್ಲಿ, ಹಿಂದಿನಿಂದ ಮೇಸ್ಟ್ರ ಮೇಸ್ಟ್ರು ಗಡಿಯಾರ ನೋಡಿಕೊಂಡು, “ಸಾಕು, ಕಾರ್ಡು!” ಎಂದರು.

ಒಂದೇ ಸಲಕ್ಕೆ ಎಲ್ಲ ಕೈಗಳೂ ಮೇಲೆದ್ದವು. ಎಲ್ಲವೂ ಹಸಿರು. ಅವತ್ತು ಶಾಲೆಗೇ ಬಾರದಿದ್ದವನ ಹಸಿರನ್ನು ಕೂಡ ಪಕ್ಕದವನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದಿದ್ದ. ಯಾಕಮ್ಮ ಸಹ ಎತ್ತಿದ್ದಳು, ತಲೆ ತಗ್ಗಿಸಿಕೊಂಡು. ಟೀಚರು ಬೋರ್ಡನ್ನೊಮ್ಮೆ, ಮಕ್ಕಳನ್ನೊಮ್ಮೆ ನೋಡಿದಳು. ಏರಿಸಿದ್ದಷ್ಟೇ ಆಗಿತ್ತು, ಇಳಿಸುವುದು ಇನ್ನೂ ಶುರುವೇ ಆಗಿರಲಿಲ್ಲ.

“ನೋಡಿದ್ರಾ? ಒಂದೇ ದಿನದ ಮಾರ್ಗದರ್ಶನ!” ಮೇಸ್ಟ್ರ ಮೇಸ್ಟ್ರ ಮುಖ ಅರಳಿತು. “ನಿಮ್ಮ ಕೆಲಸ ಖಾಯಂ ಆಯ್ತು ಅಂದ್ಕೊಳ್ಳಿ. ನೂರಕ್ಕೆ ನೂರು ಹಸಿರು! ಆದ್ರೆ ಇಲ್ಲಿಗೇ ನಿಲ್ಲಬಾರದು. ಮುಂದಿನ ತಿಂಗಳು ಇದನ್ನ ಇನ್ನೂ ಹತ್ತು ಪರ್ಸೆಂಟ್ ಏರಿಸ್ಬೇಕು. ಅರ್ಥ ಆಯ್ತಾ?”

“ಸರ್, ನೂರಕ್ಕೆ ನೂರು ಆದ್ಮೇಲೆ ಇನ್ನೂ ಹತ್ತು...” ಟೀಚರು ತಡವರಿಸಿದಳು. “ಅದು ಹೇಗೆ ಸರ್?”

ಬಾಗಿಲವರೆಗೆ ಹೋಗಿದ್ದವರು ನಿಂತರು. “ಅರ್ಥ ಆಗ್ಲಿಲ್ವಾ?” ಎನ್ನುತ್ತ, ಬಹಳ ತಾಳ್ಮೆಯಿಂದ ಅಂಗಿಯ ತೋಳು ಮಡಚುತ್ತ, ಬೋರ್ಡಿನ ಕಡೆಗೆ ತಿರುಗಿದರು.

ಟೀಚರ ಅಂಗೈಗೆ ಗರಿಗರಿಯಾದದ್ದೇನೋ ತಾಗಿತು. ಯಾಕಮ್ಮ ತನ್ನ ಹಸಿರು ಕಾರ್ಡನ್ನು ಅವಳ ಕೈಗೆ ತುರುಕುತ್ತಿದ್ದಳು.

“ಬೇಗ ಎತ್ತಿಬಿಡಿ ಮಿಸ್,” ಎಂದು ಪಿಸುಗುಟ್ಟಿದಳು. “ಇಲ್ಲಾಂದ್ರೆ ಅವ್ರು ಮೊದಲಿಂದ ಹೇಳ್ತಾರೆ.”