ಇನ್ನೊಮ್ಮೆ ಹಾಡು

ಮೂಡುಬಿದಿರೆಯ ಬಸದಿಯಲ್ಲಿ ಹಾಲಿನ ಅಭಿಷೇಕ ಶುರುವಾಗುತ್ತಿದ್ದಂತೆ ಸುಗುಣಾ ಎಂದಿನಂತೆ ಹಾಡಲು ಬಾಯಿ ತೆರೆದಳು. ಬರೀ ಗಾಳಿ ಹೊರಬಂತು. ಥೈರಾಯ್ಡ್ ಆಪರೇಷನ್ನಿನಲ್ಲಿ ಹೋದ ಸ್ವರ ಇನ್ನೂ ಮರಳಿರಲಿಲ್ಲ. ಅಷ್ಟರಲ್ಲಿ ಮೈದುನನ ಮಗಳು ತ್ರಿಶಾ ಹಾಡನ್ನು ಎತ್ತಿಕೊಂಡಳು. ಅತ್ತೆ ಸುಗುಣಾಳೊಬ್ಬಳಿಗೇ ಕಲಿಸಿ ಹೋದ ಹಾಡು; ಹುಡುಗಿ ಒಂದು ಸಾಲೂ ತಪ್ಪಲಿಲ್ಲ.

"ಯಾರು ಕಲಿಸಿದ್ದು ಮಗಾ?" ಅಭಿಷೇಕ ಮುಗಿದ ಮೇಲೆ ಕೊಟ್ಟ ಗಂಧೋದಕವನ್ನು ಹಣೆಗೆ ಹಚ್ಚಿಕೊಳ್ಳುತ್ತ ಸುಗುಣಾ ಪಿಸುಗುಟ್ಟಿದಳು.

"ದೊಡ್ಡಪ್ಪ. ನೀವು ಹಾಡಿದ್ದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ ತಂದರು. ಆಪರೇಷನಲ್ಲಿ ಸ್ವರ ಹೋದರೂ ಹೋಗಬಹುದು ಅಂತ ಡಾಕ್ಟರು ಹೇಳಿದ್ದಾರೆ, ಮೊದಲೇ ಕಲಿತುಕೋ ಅಂದರು. ನಿಮಗೆ ಗೊತ್ತುಂಟಲ್ಲ, ದೊಡ್ಡಮ್ಮ?"

ಸುಗುಣಾಳ ಕೈ ಹಣೆಯ ಮೇಲೇ ನಿಂತಿತು. ಆಸ್ಪತ್ರೆಗೆ ಸೇರುವ ಮುಂಚಿನ ವಾರ ಗಂಡ ಎದುರು ಕುಳಿತು, "ಹೆದರಬೇಡ, ಏನೂ ಆಗುವುದಿಲ್ಲ. ಇನ್ನೊಮ್ಮೆ ಹಾಡು ಮಾರಾಯ್ತಿ" ಎಂದು ಗೋಗರೆದಿದ್ದ. ಅವಳು ನಾಚಿಕೊಂಡು ಹಾಡಿದ್ದಳು.